ಹದಿನೇಳು ಸೆಕೆಂಡಿನ ಫಾತೆಲೆ

ಆ ವಿಡಿಯೊ ನೋಡಿದವರ ಸಂಖ್ಯೆ ನಾಲ್ಕು ಲಕ್ಷ ದಾಟಿದ ಸಂಜೆಯೇ ಊರಿನ ಹೊರಗಡಲ ಬದಿಯವರು ಕುಣಿತದ ಅಭ್ಯಾಸಕ್ಕೆ ಬರಲಿಲ್ಲ.

ನಮ್ಮ ದ್ವೀಪವೆಂದರೆ ನೆಲದ ಒಂದು ಸಣ್ಣ ಪಟ್ಟಿ; ಒಂದು ಕಡೆ ತೆರೆದ ಹೊರಗಡಲು, ಇನ್ನೊಂದು ಕಡೆ ಹವಳದಿಬ್ಬ ಸುತ್ತುವರಿದ ಒಳಗಡಲು. ಸಭಾಮನೆಯಲ್ಲಿ ನಮ್ಮ ಒಳಗಡಲ ಬದಿಯ ಚಾಪೆಗಳೆಲ್ಲ ತುಂಬಿದ್ದವು. ಎದುರು ಬದಿಯಲ್ಲಿ ತಾಳ ಬಡಿಯುವ ಮರದ ಪೆಟ್ಟಿಗೆ ಮಾತ್ರ ಇತ್ತು, ಸುತ್ತ ಯಾರೂ ಇಲ್ಲ. ಸಭಾಮನೆಗೆ ಹೊದಿಸಿದ ಹೊಸ ಚಾವಣಿಯ ಹಬ್ಬಕ್ಕೆ ಇನ್ನು ಆರು ದಿನ. ನಮ್ಮ ಫಾತೆಲೆ ಕುಣಿತದಲ್ಲಿ ಒಂದು ಬದಿ ಹಾಡಿ ಕುಣಿದರೆ ಇನ್ನೊಂದು ಬದಿ ಅದಕ್ಕಿಂತ ಜೋರಾಗಿ ಉತ್ತರ ಕೊಡಬೇಕು. ಅವರು ಬಾರದಿದ್ದರೆ ಹಬ್ಬಕ್ಕೆ ಕುಣಿತವೇ ಇಲ್ಲ.

"ಎಲ್ಲಾ ನಿನ್ನ ಕಂಪ್ಯೂಟರಿನ ಕೈವಾಡ ಕಣೇ ತಿಲೇಸಾ. ಅವರ ಕುಣಿತ ನುಂಗಿ ನೀರು ಕುಡಿದ್ಯಲ್ಲ!" ಎಂದಳು ಲೌಸಾ ಅತ್ತೆ, ಎಲ್ಲರಿಗೂ ಕೇಳುವಂತೆ.

ನಾನು ತಲೆ ತಗ್ಗಿಸಿದೆ. ನನಗೆ ಜನರೆದುರು ಮಾತು ಬರುವುದಿಲ್ಲ, ಬರುವುದೇನಿದ್ದರೂ ದಿನಚರಿಯಲ್ಲಿ. ಮನೆಗೆ ಬಂದು ಬರೆದೆ: ತಪ್ಪು ನನ್ನದು. ಕತ್ತರಿಸಿದವಳು ನಾನು.

ನೆರೆದೇಶದ ಸುವಾ ನಗರದಲ್ಲಿ ಪದವಿ ಮುಗಿಸಿ ಬಂದ ಮೇಲೆ ನಮ್ಮ ಫುನಾಫುತಿಯ ದ್ವೀಪಸಭೆಗೆ ಜಾಲತಾಣ ಮಾಡಿಕೊಟ್ಟಿದ್ದೆ. ಅದರ ಮೊದಲ ಪುಟ ತೆರೆದೊಡನೆ ತಾನಾಗಿ ಓಡುವ ವಿಡಿಯೊ ಬೇಕೆಂದು ಕಳೆದ ವರ್ಷದ ಫಾತೆಲೆಯನ್ನು ಆರಿಸಿದ್ದೆ. ಅದು ಹತ್ತೊಂಬತ್ತು ನಿಮಿಷದ್ದು. ಮೊದಲು ಹೊರಗಡಲ ಬದಿಯವರು ಕುಳಿತೇ ನಿಧಾನವಾಗಿ ಹಾಡುತ್ತಾರೆ. ಅದೇ ಸಾಲುಗಳು ಮತ್ತೆ ಮತ್ತೆ ಬರುತ್ತಾ ಬಿರುಸಾಗುತ್ತವೆ. ಆಮೇಲೆ ನಮ್ಮವರ ಉತ್ತರ, ಕೊನೆಗೆ ನೆಲ ನಡುಗುವ ವೇಗ. ನಾನು ಆ ಕೊನೆಯ ಹದಿನೇಳು ಸೆಕೆಂಡನ್ನಷ್ಟೇ ಇಟ್ಟುಕೊಂಡೆ. ಅದರಲ್ಲಿ ನಮ್ಮ ಬದಿಯವರು ಮಾತ್ರ ಇದ್ದರು. ಪರದೇಶದ ಯಾರೋ ಅದನ್ನೆತ್ತಿ ತಮ್ಮ ಸಂಗೀತ ಹಚ್ಚಿ ಹರಿಯಬಿಟ್ಟರು. ಲೋಕವೆಲ್ಲ ನಮ್ಮ ತಾಣಕ್ಕೆ ನುಗ್ಗಿತು.

ಒಂದು ವಿಷಯ ನನ್ನನ್ನು ಕೊರೆಯುತ್ತದೆ. ಜಾಲತಾಣದ ವಿಳಾಸದ ಕೊನೆಗೆ ಬರುವ ಟಿವಿ ಎಂಬ ಅಕ್ಷರಗಳು ನಮ್ಮ ದೇಶದವು; ಪರದೇಶದವರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಆ ಬಾಲ ಹಚ್ಚಿಕೊಂಡ ತಾಣಗಳಲ್ಲಿ ಯಾರೋ ಆಟವಾಡುವುದನ್ನು ಇನ್ಯಾರೋ ಎಂಟು ಗಂಟೆ ಕೂತು ನೋಡುತ್ತಾರೆ. ಅಂಥವರಿಗೆ ಹತ್ತೊಂಬತ್ತು ನಿಮಿಷ ಹೆಚ್ಚಾಯಿತೆಂದು ತೀರ್ಮಾನಿಸಿದ್ದು ಅವರಲ್ಲ, ನಾನು.

ಮರುದಿನ ದ್ವೀಪಸಭೆಯ ಕಚೇರಿಯ ಗೆಳತಿ ಸೆಲೆಪಾ ಉಪಾಯ ಹೇಳಿದಳು. "ಅಳಬೇಡ ಕಣೇ. ಅವರದ್ದೂ ಹದಿನೇಳು ಸೆಕೆಂಡು ಕತ್ತರಿಸಿ ಪಕ್ಕಕ್ಕೆ ಅಂಟಿಸು. ಲೆಕ್ಕ ಸರಿಹೋಯ್ತು."

"ಸರಿಹೋಗಲ್ಲ."

"ಅಬ್ಬಾ, ಇವಳಿಗೂ ಹಟ ಅನ್ನೋದಿದೆ!"

ಬಿಸಿಲಲ್ಲೇ ಹೊರಗಡಲ ಬದಿಗೆ ನಡೆದೆ. ಅವರ ಬದಿಯ ಆ ಹಾಡು ಕಟ್ಟಿದ ಫಲಾನಿ ತಾತ ಮನೆಯ ಮುಂದೆ ಕೂತು ತೆಂಗಿನ ನಾರನ್ನು ತೊಡೆಯ ಮೇಲೆ ಹೊಸೆಯುತ್ತಿದ್ದರು. ಕೂರು ಎನ್ನಲಿಲ್ಲ. ನಾನೇ ಕೂತು ಫೋನಿನಲ್ಲಿ ವಿಡಿಯೊ ತೋರಿಸಿದೆ.

"ಇದು ನನ್ನ ಹಾಡಿಗೆ ಕೊಟ್ಟ ಉತ್ತರ. ನನ್ನ ಹಾಡೆಲ್ಲಿ?"

"ತೆಗೆದುಬಿಟ್ಟೆ, ತಾತ. ಜನ ಮೂರು ಸೆಕೆಂಡಿಗಿಂತ ಜಾಸ್ತಿ ಕಾಯಲ್ಲ ಅಂತ..."

"ಯಾರು ಹೇಳಿದ್ದು?"

"ಒಂದು ಪಾಠದ ವಿಡಿಯೊದಲ್ಲಿ."

"ಅದೆಷ್ಟು ಹೊತ್ತಿತ್ತು?"

"ನಲವತ್ತು ನಿಮಿಷ."

ತಾತನ ಕೈ ನಿಂತಿತು. ಒಳಗಿಂದ ಅವರ ಸೊಸೆ ಕಿಸಕ್ಕನೆ ನಕ್ಕಳು. ತಾತ ನಗಲಿಲ್ಲ. "ನಮ್ಮ ದೋಣಿ ದಾರಿ ತಪ್ಪಿ ತೇಲಿಹೋದಾಗ ದಂಡೆ ಮೇಲೆ ಏಳು ಜನ ಹೆಂಗಸರು ಹನ್ನೊಂದು ದಿನ ಕಾದ್ರು. ಹಾಡಿನ ನಿಧಾನದ ಭಾಗದಲ್ಲೇ ಅವರ ಹೆಸರಿರೋದು. ವೇಗ ಬಂದ್ಮೇಲೆ ಹೆಸರು ಯಾರಿಗೆ ಕೇಳುತ್ತೆ? ನನ್ನ ಹೆಂಡತಿ ಹೆಸರು ಐದನೇದು. ನಿನಗದು ಕಸ."

"ಕಸ ಅಲ್ಲ" ಎಂದೆ. ದಿನಚರಿ ತೆಗೆದು, "ಸಾಲು ಹೇಳಿ, ಬರ್ಕೋತೀನಿ" ಎಂದೆ. ತಾತ ನಾರನ್ನು ಪಕ್ಕಕ್ಕಿಟ್ಟರು. ಬಳಿಕ ಹೇಳತೊಡಗಿದರು. ಏಳು ಹೆಸರನ್ನೂ ಬರೆದುಕೊಂಡೆ. ಹಬ್ಬಕ್ಕೆ ಬರುತ್ತೀರಾ ಎಂದಾಗ ತಾತ ಮತ್ತೆ ನಾರು ಹೊಸೆಯತೊಡಗಿದರು.

ಮೂರು ದಿನ ಪರದೆಯ ಮುಂದಿಂದ ಏಳಲಿಲ್ಲ. ಹತ್ತೊಂಬತ್ತು ನಿಮಿಷವನ್ನೂ ಉಳಿಸಿಕೊಂಡೇ ಕಡತವನ್ನು ಎಷ್ಟು ಹಗುರ ಮಾಡಬಹುದೋ ಅಷ್ಟು ಮಾಡಿದೆ. ದೂರದ ದ್ವೀಪದ ಹಳೆಯ ಫೋನಿನಲ್ಲೂ ತೆರೆಯಬೇಕಿತ್ತು. ತಾನಾಗಿ ಓಡುವುದನ್ನು ನಿಲ್ಲಿಸಿದೆ. ಬೇಕಾದವರು ಒತ್ತಲಿ. ಹಾಡಿನ ಸಾಲುಗಳನ್ನು ಕೆಳಗೆ ಹಾಕಿದೆ. ನಾಲ್ಕನೆಯ ಬೆಳಿಗ್ಗೆ ಹದಿನೇಳು ಸೆಕೆಂಡನ್ನು ಅಳಿಸಿದೆ.

ಅಂದೇ ಮಧ್ಯಾಹ್ನ ದ್ವೀಪಸಭೆ. ಹೊರಗಡಲ ಬದಿಯಿಂದ ಫಲಾನಿ ತಾತ ಒಬ್ಬರೇ ಬಂದು ಸಭಾಮನೆಯಲ್ಲಿ ತಮಗೆ ಮೀಸಲಾದ ಕಂಬಕ್ಕೆ ಒರಗಿದ್ದರು. ಅಧ್ಯಕ್ಷರಾದ ಪಿಸೋನಿ ನನ್ನನ್ನು ಕರೆಸಿ, "ನಾಲ್ಕು ಲಕ್ಷ ಜನ ಕಣಮ್ಮಾ! ಯಾವ ದ್ವೀಪಕ್ಕೆ ಸಿಕ್ಕಿದೆ ಈ ಭಾಗ್ಯ? ಅದು ಅಲ್ಲೇ ಇರ್ಲಿ. ಅವರದ್ದೊಂದು ತುಂಡು ಸೇರಿಸು, ಮುಗೀತು" ಎಂದರು.

ಎದ್ದು ನಿಂತೆ.

"ಬೆಳಿಗ್ಗೆನೇ ತೆಗೆದೆ."

ಗಲಾಟೆಯೆದ್ದಿತು. "ಯಾರನ್ನ ಕೇಳಿ ತೆಗೆದೆ?" ಎಂದು ಪಿಸೋನಿ ಕೂಗಿದರು.

"ಹಾಕುವಾಗ್ಲೂ ಯಾರನ್ನೂ ಕೇಳಿರ್ಲಿಲ್ಲ. ಅದೇ ತಪ್ಪಾಗಿದ್ದು. ಹೊರಗೆ ಹೋದ ನಕಲುಗಳನ್ನ ವಾಪಸ್ ತರೋಕೆ ನನ್ನ ಕೈಲಿ ಆಗಲ್ಲ. ನಮ್ಮ ತಾಣದಲ್ಲಿ ಇನ್ನು ಪೂರ್ತಿ ಫಾತೆಲೆನೇ ಇರುತ್ತೆ. ತುಂಡು ಬೇಕಂದ್ರೆ ಬೇರೆಯವರ ಕೈಲಿ ಮಾಡಿಸಿ. ನಾನು ಮಾಡಲ್ಲ."

ಕಂಬದ ಕಡೆಯಿಂದ ಫಲಾನಿ ತಾತ ಕೇಳಿದರು, "ಎಷ್ಟು ಜನ ನೋಡ್ತಾರೆ?"

"ಬೆಳಿಗ್ಗೆಯಿಂದ ಇಪ್ಪತ್ಮೂರು ಜನ, ತಾತ."

"ಕೊನೇವರೆಗೂ?"

"ಒಂಬತ್ತು."

ಸೆಲೆಪಾ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದಳು. ತಾತ ಎದ್ದು ಹೊರಟುಹೋದರು. ಪಿಸೋನಿ ಹಣೆ ಉಜ್ಜಿಕೊಂಡು, "ಹಬ್ಬಕ್ಕೆ ಅವರು ಬರ್ಲಿಲ್ಲ ಅಂದ್ರೆ ನೀನೇ ಆ ಕಡೆ ಕೂತು ಕುಣಿ" ಎಂದರು.

ಹಬ್ಬದ ದಿನ ಊಟ ಮುಗಿದರೂ ಎದುರಿನ ಚಾಪೆಗಳು ಖಾಲಿ. ನಾನು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎರಡು ಬದಿಯೂ ಕಾಣುವ ಹಾಗೆ ಇಟ್ಟು ಕಾದೆ. ಲೌಸಾ ಅತ್ತೆ, "ಖಾಲಿ ಚಾಪೆ ಚೆನ್ನಾಗಿ ತೆಗಿ" ಎಂದು ಚುಚ್ಚಿದಳು. ನಾನು ಜಾಗ ಬಿಟ್ಟು ಕದಲಲಿಲ್ಲ.

ಆಗ ದಾರಿಯ ಕಡೆ ಗದ್ದಲ ಕೇಳಿಸಿತು. ಹೂವಿನ ದಂಡೆ ಮುಡಿದು, ಎಲೆಯ ಲಂಗ ಸರಿಪಡಿಸಿಕೊಳ್ಳುತ್ತಾ, ಮಕ್ಕಳನ್ನು ಗದರುತ್ತಾ ಹೊರಗಡಲ ಬದಿಯವರೆಲ್ಲ ಬರುತ್ತಿದ್ದರು. ಮುಂದಿದ್ದ ಫಲಾನಿ ತಾತ ನನ್ನ ಫೋನಿನೆದುರು ನಿಂತರು.

"ಎಲ್ಲಿಂದ ತೆಗೀತೀಯ ಹುಡುಗಿ?"

"ನೀವು ಹೇಳಿದಲ್ಲಿಂದ."

"ಹಾಗಾದ್ರೆ ಈಗ್ಲೇ ಒತ್ತು. ನಮ್ಮೋರು ಕೂತ್ಕೊಳ್ಳೋದೂ ಬರ್ಲಿ."

ಒತ್ತಿದೆ. ಅವರು ಕೂರುವುದಕ್ಕೇ ಎಂಟು ನಿಮಿಷ ಹಿಡಿಯಿತು. ಚಾಪೆಗಾಗಿ ಜಗಳವಾಯಿತು, ಒಬ್ಬಳ ದಂಡೆ ಬಿಚ್ಚಿಹೋಯಿತು, ಯಾರೋ ಎರಡು ಸಲ ಕೆಮ್ಮಿದರು. ಕೊನೆಗೆ ಗಂಡಸರು ಪೆಟ್ಟಿಗೆಯ ಸುತ್ತ ಕೂತು ಅಂಗೈ ಊರಿದರು. ತಾತ ಬಲು ನಿಧಾನವಾಗಿ ಮೊದಲ ಹೆಸರನ್ನು ಎತ್ತಿಕೊಂಡರು.