ಹಣ್ಣು ಹುಳದ ದಿನ

ರೇಷ್ಮೆಹುಳದ ಮನೆಯ ಹೊಸ್ತಿಲು ದಾಟಬೇಡವೆಂದು ಮಾಯಮ್ಮ ಹಿರಿಸೊಸೆ ನವ್ಯಶ್ರೀಗೆ ಹೇಳಿ ಎರಡು ಬೆಳೆ ಕಳೆದಿದ್ದವು. ಮಗ ಹುಟ್ಟಿದಾಗಿನಿಂದ ನವ್ಯಶ್ರೀಗೆ ಕೆಮ್ಮಿದರೆ, ನಕ್ಕರೆ ಉಚ್ಚೆ ಜಾರುತ್ತಿತ್ತು.

"ಆ ವಾಸ್ನೆಗೆ ಹುಳ ಸಾಯ್ತವೆ ಕಣಮ್ಮಿ. ಮುಟ್ಟಾದೋರ್ನೇ ಒಳೀಕ್ ಬುಡಕಿಲ್ಲ. ನೀನು ದಿನಾ ಮುಟ್ಟಾದಂಗೆ" ಎಂದಿದ್ದಳು ಮಾಯಮ್ಮ.

ಹಾಗಾಗಿ ಒಳಗೆ ಕೂತು ಹುಳಕ್ಕೆ ಸೊಪ್ಪು ಹಾಕುವ ಕೆಲಸ ಓರಗಿತ್ತಿ ದಿವ್ಯಳದು. ತೋಟದಿಂದ ಹಿಪ್ಪುನೇರಳೆ ಹೊರೆ ಹೊತ್ತು ತರುವುದು ನವ್ಯಶ್ರೀಯದು. ಆ ಹೊರೆ ಎತ್ತುವಾಗಲೇ ಅವಳ ಲಂಗ ನೆನೆಯುತ್ತಿತ್ತು.

ಅವಳ ಹೆರಿಗೆಯಲ್ಲಿ ರಾತ್ರಿಯೆಲ್ಲ ಮುಕ್ಕಿಸಿ, ಕೊನೆಗೆ ಮಗುವಿನ ತಲೆಗೆ ವ್ಯಾಕ್ಯೂಮ್ ಕಪ್ ಹಾಕಿ ಎಳೆದಿದ್ದರು. ಮಾಯಮ್ಮ ಬೀದಿಗೆಲ್ಲ ಸಕ್ಕರೆ ಹಂಚಿ, ನಾರ್ಮಲ್ಲೇ ಆಯ್ತು ಎಂದು ಮೆರೆದಿದ್ದಳು. ಸಿಸೇರಿಯನ್ ಆದ ದಿವ್ಯಳನ್ನು ನೋವೇ ತಿನ್ನದೆ ಹೆತ್ತವಳು ಎಂದು ಹಂಗಿಸಿದ್ದಳು.

ಮಗುವಿಗೆ ಚುಚ್ಚುಮದ್ದು ಹಾಕಿಸಲು ರಾಮನಗರಕ್ಕೆ ಹೋದಾಗ ನವ್ಯಶ್ರೀ ಅಲ್ಲಿನ ಲೇಡಿ ಡಾಕ್ಟರಿಗೆ ಹೇಳಿಕೊಂಡಿದ್ದಳು. "ಮಗು ದಪ್ಪ ಇತ್ತು, ಬಹಳ ಹೊತ್ತು ಮುಕ್ಕಿದೀರ, ಎಳೆದಿದಾರೆ. ಕೆಳಗಿನ ಸ್ನಾಯು ಸೋತಿದೆ. ಸಿಸೇರಿಯನ್ ಆದೋರಿಗೆ ಇದು ಕಮ್ಮಿ, ಬರೋದೇ ಇಲ್ಲ ಅಂತಿಲ್ಲ. ಪ್ರತಿ ಗುರುವಾರ ಇಲ್ಲಿ ವ್ಯಾಯಾಮ ಹೇಳಿಕೊಡ್ತಾರೆ, ಬನ್ನಿ. ಭಾರ ಮಾತ್ರ ಎತ್ತಬೇಡಿ" ಎಂದರು ಆಕೆ.

ಗಂಡ ಮನೋಹರನಿಗೆ ಅದನ್ನೇ ಹೇಳಿದಳು. "ಈ ಬೆಳೆ ಆಗ್ಲಿ" ಎಂದ. ಅದಾಯಿತು. ಮುಂದಿನದಕ್ಕೂ ಅದೇ ಮಾತು.

ಈ ಗುರುವಾರ ಬಹುಪಾಲು ಹುಳಗಳು ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ತಡ ಮಾಡಿದರೆ ನೂಲೆಲ್ಲ ತಟ್ಟೆಯಲ್ಲೇ ಸುತ್ತಿ ಹಾಳು. ಇನ್ನೂ ಹಣ್ಣಾಗದೆ ಹಿಂದುಳಿದ ಹುಳಕ್ಕೆಂದು ಸೊಪ್ಪು ಹೊತ್ತು ಬಂದ ಸೊಸೆಯನ್ನು ಮಾಯಮ್ಮ ಮೆತ್ತಗೆ ಕರೆದಳು.

"ಬಾರವ್ವ ಒಳೀಕೆ. ಚಂದ್ರಿಕೆಗೆ ಬುಡೋಕೆ ಕೈ ಸಾಲ್ದು."

"ವಾಸ್ನೆ?"

"ಕಾಲ್ ತೊಳ್ಕೊಂಡು ಬಾ. ಇನ್ನೇನು ಗೂಡು ಕಟ್ತವೆ, ಏನೂ ಆಗಕಿಲ್ಲ."

"ಮೊದ್ಲೂ ಆಗ್ತಿರ್ಲಿಲ್ಲ ಬುಡಿ ಅತ್ತೆ" ಎಂದಳು ಒಳಗಿನಿಂದ ದಿವ್ಯ.

ನವ್ಯಶ್ರೀ ಹೊರೆಯನ್ನು ಹೊಸ್ತಿಲಿಗೇ ಕೆಡವಿದಳು.

"ಕೆಲ್ಸ ಬಿದ್ದಾಗ ಮೈಲಿಗೆ ಇಲ್ಲ, ಅಲ್ವಾ? ನಾರ್ಮಲ್ಲು ಅಂತ ಬೀದಿಗೆಲ್ಲ ಸಕ್ಕರೆ ಹಂಚುದ್ರಿ. ನಾನು ಬಟ್ಟೆ ಕಟ್ಕೊಂಡು ತಿರುಗ್ತಿವ್ನಲ್ಲ, ಅದನ್ನ ಯಾರಿಗೆ ಹಂಚುದ್ರಿ ಅತ್ತೆ?"

ನವ್ಯಶ್ರೀ ಸೀರೆ ಬದಲಿಸಿ ಬ್ಯಾಗು ಹಿಡಿದು ಬಂದಳು. "ಮಗೀನ ನೋಡ್ಕೋ ದಿವ್ಯ."

"ಓಗಕ್ಕ, ನಾನಿವ್ನಿ."

ಮನೋಹರ ಅಡ್ಡ ಬಂದ. "ಇವತ್ತೇನಾ? ಹುಳ ಹಾಳಾಗೋಯ್ತವೆ ಕಣಮ್ಮಿ. ಮುಂದಿನ್ ವಾರ ನಾನೇ ಬೈಕಲ್ಲಿ..."

"ಹುಳಕ್ಕೆ ತಡೆಯೋಕಾಗಕಿಲ್ಲ ಅನ್ನೋದು ಗೊತ್ತಾಯ್ತದೆ ನಿಮ್ಗೆ. ನನಗೆ ಆಗ್ತಿಲ್ಲ ಅಂದಿದ್ದು ಕೇಳಿಸ್ಲೇ ಇಲ್ಲ. ಹೊರೆ ಅಲ್ಲೈತೆ. ನೀವೇ ಎತ್ತಿ."

ವಿರೂಪಾಕ್ಷಿಪುರದ ಬಸ್‌ಸ್ಟಾಪಿನಲ್ಲಿ ಬಸ್ಸು ಖಾಲಿಯಾಗಿಯೇ ಸಿಕ್ಕಿತು. ಸೀಟು ನೆನೆದೀತೆಂಬ ಭಯಕ್ಕೆ ಯಾವಾಗಲೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದವಳು, ಈ ದಿನ ಕಿಟಕಿಯ ಪಕ್ಕ ಕೂತಳು. ರಸ್ತೆಯ ಮೊದಲ ಉಬ್ಬಿನಲ್ಲಿಯೇ ಉಚ್ಚೆ ಜಾರಿತು. ಅವಳು ಏಳಲಿಲ್ಲ. ಕಂಡಕ್ಟರಿನ ಕಡೆ ಕೈ ಚಾಚಿ, "ರಾಮನಗರ ಒಂದು" ಎಂದಳು.