ಶೇಂಗಾ ಮತ್ತು ಚೇಳಿನ ಬಾಲ

ಮಣಿಕಟ್ಟಿನ ಮೇಲೆ ಶೇಂಗಾದ ಹಚ್ಚೆ ಹಾಕಿಸಿಕೊಳ್ಳುತ್ತೇನೆ ಎಂದು ಶೈಲಾ ಹೇಳಿದಾಗ ಅವಳ ಗಂಡ ಸತ್ತೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ದೇವರ ಹೆಸರಲ್ಲ, ನನ್ನ ಹೆಸರಲ್ಲ, ಶೇಂಗಾ?"

"ಹೌದ್ರಿ. ಸಿಪ್ಪಿ ಸಮೇತ."

ಹೇಳಿ ಅವಳು ನಕ್ಕಳು. ಬಹಳ ದಿನಗಳಿಂದ ಕಾಣದಿದ್ದ ಆ ನಗುವೇ ಅವನನ್ನು ಹೆದರಿಸಿತು. ಹೋದ ವರ್ಷ ಶೈಲಾ ಖಿನ್ನತೆಯಿಂದ ತಿಂಗಳುಗಟ್ಟಲೆ ಮೂಲೆ ಹಿಡಿದಿದ್ದಳು. ಊಟ ರುಚಿಸುತ್ತಿರಲಿಲ್ಲ, ತನ್ನ ಕೈ ತನ್ನದೇ ಅನಿಸುತ್ತಿರಲಿಲ್ಲ. ಚಿಕ್ಕೋಡಿಯ ಡಾಕ್ಟರರ ಗುಳಿಗೆಯಿಂದ ಚೇತರಿಸಿಕೊಂಡಾಗ ನಾಲಿಗೆಗೆ ಮೊದಲು ರುಚಿ ಹತ್ತಿದ್ದು ಕುದಿಸಿದ ಹಸಿ ಶೇಂಗಾ. ಅಂದಿನಿಂದ ಬಾಲ್‌ಪೆನ್ನಿನಲ್ಲಿ ಮಣಿಕಟ್ಟಿನ ಮೇಲೆ ಶೇಂಗಾ ಬರೆದುಕೊಳ್ಳುತ್ತಿದ್ದಳು. ಪಾತ್ರೆ ತಿಕ್ಕುವಾಗ ಅದು ಅಳಿಸಿಹೋಗುತ್ತಿತ್ತು.

ರೋಗ ಮರಳಿದೆ ಎಂದುಕೊಂಡ ಸತ್ತೆಪ್ಪ ಅವಳನ್ನು ಕಬ್ಬೂರಿನಿಂದ ನೇರ ಚಿಕ್ಕೋಡಿಗೆ ಕರೆದೊಯ್ದ. ನಿದ್ದೆ ಹೇಗಿದೆ, ಊಟ ಹೇಗಿದೆ, ಈ ಆಸೆ ಯಾವಾಗಿನದು ಎಂದು ಡಾಕ್ಟರು ವಿಚಾರಿಸಿದರು.

"ಹಚ್ಚಿ ರೋಗಾನೂ ಅಲ್ಲ, ಔಷಧಾನೂ ಅಲ್ರಿ. ಅವರು ಆರಾಮ ಅದಾರ. ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ಸತ್ತೆಪ್ಪನಿಗೆ ಸಮಾಧಾನವಾಗಲಿಲ್ಲ. ಶೈಲಾ ಹಚ್ಚೆ ಹಾಕಿಸಿಕೊಳ್ಳಲು ನಿಪ್ಪಾಣಿಗೆ ಹೊರಟಾಗ ತನ್ನ ತಾಯಿ ಗಿರಿಜವ್ವನನ್ನು ಕಾವಲಿಗೆ ಕಳಿಸಿದ.

"ಹುಚ್ಚುಚ್ಚಾರ ಏನರ ಮಾಡಿದ್ರ ಎಳಕೊಂಡ ಬಾ ಬೇ."

ಅಂಗಡಿಯಲ್ಲಿ ಶೈಲಾಳ ಶೇಂಗಾ ಮುಗಿಯಿತು. ಹಚ್ಚೆ ಹಾಕುವ ಸುಹಾಸ ಕೈಗವಸು ತೆಗೆಯುವಷ್ಟರಲ್ಲಿ ಗಿರಿಜವ್ವ ಸೆರಗು ಸರಿಸಿ ಕುರ್ಚಿಯಲ್ಲಿ ಕುಳಿತಳು. ಅವಳ ಎರಡೂ ತೋಳುಗಳಲ್ಲಿ ಹಸಿರು ಹಚ್ಚೆಗಳಿದ್ದವು; ಅವುಗಳಲ್ಲಿ ಒಂದರ ಮೇಲೆ ಬೆರಳಿಟ್ಟಳು.

"ತಮ್ಮಾ, ಇದಕ್ಕೊಂದು ಬಾಲ ಹಚ್ಚು."

"ಹಲ್ಲಿಗಿ ಬಾಲ ಏನ್ರಿ, ಆಜಿ?"

"ಹಲ್ಲಿ ಅಲ್ಲಲೇ, ಚೇಳು!"

ಹುಡುಗಿಯಾಗಿದ್ದಾಗ ಹಚ್ಚೆಯವಳು ಚೇಳು ಬರೆಯುತ್ತಿದ್ದಂತೆ ನೋವು ತಾಳದೆ ಗಿರಿಜವ್ವ ಕಬ್ಬಿನ ಗದ್ದೆಗೆ ಓಡಿಹೋಗಿದ್ದಳು. ಬಾಲದ ಕೊಂಡಿ ಬರೆಯದೇ ಉಳಿದುಹೋಯಿತು. ಊರಿಗೆ ಅವಳು ಹಲ್ಲಿ ಗಿರಿಜಿಯಾದಳು.

"ಸತ್ತಾಗ ಸಂಗಾಟ ಬರೂದು ಹಚ್ಚಿ ಒಂದ. ಅಲ್ಲಿ ಹೋಗೂ ಹಲ್ಲಿ ಅನಿಸ್ಕೋಬೇಕೇನ ನಾ?"

ಸುಹಾಸ ಬಿಪಿ, ಶುಗರ್ ವಿಚಾರಿಸಿದ. ವಯಸ್ಸಾದ ಚರ್ಮ ತೆಳು, ಮೆಲ್ಲಗೆ ಹಾಕಬೇಕು ಎಂದ. ಹೊಸ ಸೂಜಿಯ ಪೊಟ್ಟಣ ಒಡೆದ. ಗಿರಿಜವ್ವ ಆ ಸೂಜಿಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬೈದಳು, ಆದರೆ ಕೈ ಅಲುಗಿಸಲಿಲ್ಲ. ಶೈಲಾ ನಕ್ಕು ನಕ್ಕು ನೆಲಕ್ಕೇ ಕುಳಿತಳು.

ಬಸ್ಸಿನಲ್ಲಿ ಅತ್ತೆ-ಸೊಸೆ ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು, ನಗು ಉಕ್ಕುತ್ತಿತ್ತು. ಕಂಡಕ್ಟರ್ ಟಿಕೆಟ್ ಕೊಟ್ಟು ದೂರ ಸರಿದ.

ಬಾಗಿಲಲ್ಲೇ ಕಾಯುತ್ತಿದ್ದ ಸತ್ತೆಪ್ಪ ತಾಯಿಯ ತೋಳನ್ನು ನೋಡಿದ. "ಅವ್ವಾ, ನೀನೂ?"

"ಕಾವಲ ಕಾದ ಕೂಲಿ ಇದು."

ಇಬ್ಬರೂ ಮತ್ತೆ ನಕ್ಕರು. ಅವನು ಹೆಂಡತಿಯ ಕಡೆ ತಿರುಗಿದ. "ಶೈಲಾ, ಇವತ್ತ ಗುಳಿಗಿ ತಗೊಂಡಿ ಹೌದಲ್ಲೋ?"

"ತಗೊಂಡೀನ್ರಿ. ಇದು ಖುಷಿರಿ. ಇದಕ್ಕೂ ಗುಳಿಗಿ ಐತೇನು?"

ಸತ್ತೆಪ್ಪ ಹತ್ತಿರ ಬಂದ. ಅವಳ ಮುಖವನ್ನೇ ನೋಡಿದ. ಕಾಯಿಲೆಗಿಂತ ಮೊದಲು ಅವನನ್ನು ಕೆಣಕುವಾಗ ಅವಳ ಕಣ್ಣುಗಳು ಹೀಗೇ ಸಣ್ಣಗಾಗುತ್ತಿದ್ದವು. ಅವನು ಅವಳ ಮಣಿಕಟ್ಟನ್ನು ಬೆಳಕಿಗೆ ಹಿಡಿದ. ಪ್ಲಾಸ್ಟಿಕ್ ಹಾಳೆಯಡಿಯ ಶೇಂಗಾವನ್ನು ಅತ್ತಿತ್ತ ತಿರುಗಿಸಿ, ಬೀಜ ಕೊಳ್ಳುವವನ ಹಾಗೆ ಪರೀಕ್ಷಿಸಿದ.

"ಎರಡ ಕಾಳಿಂದೋ, ಮೂರ ಕಾಳಿಂದೋ?"

"ಮೂರ ಕಾಳಿಂದ್ರಿ."

"ಹಂಗಾರ ತಳಿ ಛಲೋ ಐತಿ," ಎಂದು ಅಂಗಿಯ ತೋಳು ಮಡಚಿಕೊಂಡು, ಬೆಳಗಿನ ಪಾತ್ರೆ ತಿಕ್ಕಲು ತಾನೇ ಹೊರಟ.