ಅರ್ಧ ಮಿಲಿಮೀಟರ್ ಮೊಳೆ

ಆರ್ಗಿರೊ ಅಂಗಡಿಗೆ ಬರುವಾಗ ಮೊದಲು ಬೈಗುಳ ಒಳಗೆ ಬರುತ್ತದೆ, ಆಮೇಲೆ ಆರ್ಗಿರೊ. ಆ ಶನಿವಾರ ಮಧ್ಯಾಹ್ನವೂ ಹಾಗೇ ಆಯಿತು.

"ಏನೋ ಯೊರ್ದಾನಿ, ಇದೇನು ಗವಿ ಥರ ಕತ್ತಲೆ! ಒಂದು ದೀಪ ಹಾಕಿದ್ರೆ ನಿನ್ನ ಗಂಟೇನು ಹೋಗತ್ತೆ?" ಎನ್ನುತ್ತ ಬಂದವಳು ಜೇಬಿನಿಂದ ವೇಪಿನ ಟ್ಯಾಂಕು ತೆಗೆದು ಮೇಜಿನ ಮೇಲೆ ಕುಕ್ಕಿದಳು. "ಎಳೆದ್ರೆ ಸುಟ್ಟ ಗೋಣಿಚೀಲದ ರುಚಿ ಬರ್ತಿದೆ. ಬತ್ತಿ ಬದಲಾಯಿಸಿಕೊಡು. ಒಂದೂವರೆಗೆ ಬಸ್ ತೆಗೀಬೇಕು."

"ಕೂತ್ಕೋ ಅಕ್ಕ."

"ಕೂರೋಕೆ ನಂಗೆ ಬಸ್ಸಲ್ಲಿ ಸೀಟಿದೆ. ನೀನು ಕೈ ಆಡಿಸು."

ಯೊರ್ದಾನಿಸ್ ಕೈ ಆಡಿಸಿದ. ವೋಲೊಸ್ ಪಟ್ಟಣದ ಆ ಕೇರಿಯಲ್ಲಿ ಅವನು ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಜನ ಗಡಿಯಾರ ಕಟ್ಟುವುದನ್ನು ಬಿಟ್ಟ ಮೇಲೆ ಅದೇ ಚಿಮ್ಮಟ, ಅದೇ ಸಣ್ಣ ಇಕ್ಕಳ ಹಿಡಿದು ವೇಪ್, ಅಂದರೆ ಬ್ಯಾಟರಿ ಸಿಗರೇಟು, ಸೇದುವವರ ಟ್ಯಾಂಕು ರಿಪೇರಿಗೆ ಕುಳಿತ. ತಂತಿಯನ್ನು ಕಡ್ಡಿಗೆ ಸುತ್ತಿ ಸ್ಪ್ರಿಂಗಿನಂಥ ಪುಟ್ಟ ಕಾಯಿಲ್ ಮಾಡಬೇಕು, ಅದರ ಹೊಟ್ಟೆಯೊಳಗೆ ಹತ್ತಿಯ ಬತ್ತಿ ತೂರಿಸಬೇಕು. ಬತ್ತಿ ಹೀರಿದ ಪರಿಮಳದ ರಸ ಕಾಯಿಲ್‌ನ ಬಿಸಿಗೆ ಹೊಗೆಯಾಗುತ್ತದೆ. ನಾಲ್ಕೈದು ದಿನಕ್ಕೆ ಬತ್ತಿ ಕಪ್ಪಾಗುತ್ತದೆ, ಕಾಯಿಲ್‌ಗೆ ಬೆಲ್ಲದ ಪಾಕದಂಥ ಕಿಟ್ಟ ಹಿಡಿಯುತ್ತದೆ. ಕಿಟ್ಟವನ್ನು ಒಣಗಿಸಿ ಸುಟ್ಟು, ತೊಳೆದು, ಹೊಸ ಹತ್ತಿ ಹಾಕಬೇಕು. ಬಿಗಿಯಾದರೆ ರಸ ಏರುವುದಿಲ್ಲ, ಸಡಿಲವಾದರೆ ಬಾಯಿಗೆ ಸೋರುತ್ತದೆ. ಇದನ್ನೆಲ್ಲ ತಾವೇ ಮಾಡಿಕೊಳ್ಳಲಾಗದ ಅರ್ಧ ಊರು ಅವನಿಗೆ 'ಮೇಸ್ತ್ರಿ' ಎನ್ನುತ್ತಿತ್ತು.

ಆರ್ಗಿರೊ ದಿನಕ್ಕೆ ಮೂರು ಪ್ಯಾಕು ಸಿಗರೇಟು ಸುಡುತ್ತಿದ್ದವಳು. ಐದು ವರ್ಷದ ಹಿಂದೆ ಅರ್ಧ ಶ್ವಾಸಕೋಶ ಕತ್ತರಿಸಿ ತೆಗೆದ ಮೇಲೆ ತಮ್ಮನೇ ಅವಳ ಕೈಗೆ ಸಿಗರೇಟಿನ ಬದಲು ಇದನ್ನು ಕೊಟ್ಟಿದ್ದ. ಅವಳ ಬಾಯಿಗೆ ಹೋಗುವುದು ತನ್ನ ಹೊಣೆ ಎಂದು ಅಂದಿನಿಂದ ನಂಬಿದ್ದ.

ದೀಪ ಹಾಕದಿರುವುದಕ್ಕೆ ಕಾರಣವಿತ್ತು. ಒಂದು ವರ್ಷದಿಂದ ಅವನ ಎರಡೂ ಕಣ್ಣಿನ ನಡುಮಧ್ಯೆ ಒಂದು ಮಸುಕು ಕೂತಿತ್ತು. ಯಾವುದನ್ನು ನೆಟ್ಟಗೆ ನೋಡುತ್ತಾನೋ ಅದೇ ಮಾಯವಾಗುತ್ತಿತ್ತು, ಸುತ್ತಲಿನದೆಲ್ಲ ಕಾಣುತ್ತಿತ್ತು. ಬೆಳಕು ಹೆಚ್ಚಾದರೆ ಮಸುಕು ಇನ್ನಷ್ಟು ಬೆಳ್ಳಗಾಗುತ್ತಿತ್ತು. ಡಾಕ್ಟರು ಅದಕ್ಕೊಂದು ಹೆಸರಿಟ್ಟು, ಸೂಕ್ಷ್ಮ ಕೆಲಸ ಬಿಟ್ಟುಬಿಡಿ ಎಂದಿದ್ದರು. ಅವನು ಆ ಚೀಟಿಯನ್ನು ಮಡಿಸಿ ಮೇಜಿನ ಖಾನೆಗೆ ಹಾಕಿದ, ಯಾರಿಗೂ ಹೇಳಲಿಲ್ಲ. ಮೊಂಡುತನ ಅವರ ಮನೆತನದ ಆಸ್ತಿ, ಇಬ್ಬರಿಗೂ ಸಮಪಾಲು ಸಿಕ್ಕಿತ್ತು.

ಅಕ್ಕನ ಟ್ಯಾಂಕನ್ನು ಪೂರ್ತಿ ಬಿಚ್ಚಿ ಬಿಸಿನೀರಿನ ಬಟ್ಟಲಿಗೆ ಹಾಕಿದ. ಬಟ್ಟಲಲ್ಲಿ ಆಗಲೇ ಲೆಕ್ಕದ ಮೇಷ್ಟ್ರ ಟ್ಯಾಂಕಿನ ಭಾಗಗಳು ನೆನೆಯುತ್ತಿದ್ದವು. ಒಂದು ಬಟ್ಟಲಿಗೆ ಒಬ್ಬರದೇ ಸಾಮಾನು ಎಂಬುದು ಅವನದೇ ಕಟ್ಟಳೆ. ಆದರೆ ಅಕ್ಕ ಪಕ್ಕದಲ್ಲಿ ನಿಂತು ಕಾಲು ಕುಣಿಸುತ್ತ, ಹಿಂದಿನ ವಾರ ಬಸ್ಸಲ್ಲಿ ಕೋಳಿ ತಂದ ಮುದುಕಿಯ ಕಥೆ ಹೇಳುತ್ತಿದ್ದಳು. ತೊಳೆದ, ಜೋಡಿಸಿದ, ಕಾಯಿಲ್ ಕೂರಿಸಿದ, ಕೆಂಪಗೆ ಕಾಯಿಸಿದ, ಹತ್ತಿ ತೂರಿಸಿದ, ಸೋಂಪಿನ ರಸ ತುಂಬಿದ. ಕಾಯಿಲ್‌ನ ತಂತಿ ಪರೀಕ್ಷಿಸುವ ಅಳತೆಯ ಯಂತ್ರಕ್ಕೆ ಸಿಕ್ಕಿಸಿದಾಗ ಎಲ್ಲ ಸರಿ ಎಂದಿತು. ಟ್ಯಾಂಕು ಸಿಕ್ಕಿಸಿ ಸೇದುವ ಅವಳ ಬ್ಯಾಟರಿ ಕೊಳವೆ ಎಂದಿನಂತೆ ಬಸ್ಸಿನಲ್ಲೇ ಇತ್ತು. ಟ್ಯಾಂಕು ಜೇಬಿಗಿಳಿಸಿ, ತಮ್ಮನ ಬೋಳುತಲೆಗೆ ಒಂದು ಮೊಟಕಿ ಹೋದಳು.

ಅರ್ಧ ಗಂಟೆಯ ಮೇಲೆ ಮೇಷ್ಟ್ರ ಟ್ಯಾಂಕು ಜೋಡಿಸಿ ಮುಗಿಸಿ, ಅಭ್ಯಾಸದಂತೆ ತಳಕ್ಕೆ ಬೆರಳಾಡಿಸಿದ. ತಳದ ತಿರುಪುಮೊಳೆ ಉಗುರಿನಷ್ಟು ದಪ್ಪ ಹೊರಗೆ ಚಾಚಿತ್ತು.

ಮೇಷ್ಟ್ರದು ಚಾಚಬಾರದು. ಅದು ತಳಕ್ಕೆ ಸಮವಾಗಿರುವ ಗಿಡ್ಡ ಮೊಳೆ. ಚಾಚುವುದು ಅಕ್ಕನದು.

ಯೊರ್ದಾನಿಸ್ ಇನ್ನೊಮ್ಮೆ ಮುಟ್ಟಿದ. ಬೆರಳು ಸುಳ್ಳು ಹೇಳುವುದಿಲ್ಲ. ಎರಡೂ ಒಂದೇ ಮಾದರಿಯ ಟ್ಯಾಂಕು, ಮೊಳೆಗಳ ನಡುವೆ ಅರ್ಧ ಮಿಲಿಮೀಟರ್ ವ್ಯತ್ಯಾಸ. ಬಟ್ಟಲಲ್ಲಿ ಅವು ಅದಲುಬದಲಾಗಿದ್ದವು. ಅಕ್ಕನ ಅವಸರದಲ್ಲಿ ಅವಳದರ ತಳಕ್ಕೆ ಅವನು ಬೆರಳಾಡಿಸಿರಲೇ ಇಲ್ಲ.

ಮೇಷ್ಟ್ರು ಬಳಸುವುದು ಪೆಟ್ಟಿಗೆಯಂಥ ಯಂತ್ರ. ಅದರೊಳಗೆ ಸರ್ಕ್ಯೂಟ್ ಇದೆ, ತಪ್ಪಾದರೆ ತಾನೇ ಆರಿಹೋಗುತ್ತದೆ. ಆರ್ಗಿರೊಳದು ಬರೀ ಹಿತ್ತಾಳೆ ಕೊಳವೆ. ಒಳಗೊಂದು ಬ್ಯಾಟರಿ, ಕೆಳಗೊಂದು ಗುಂಡಿ, ಅಷ್ಟೇ. ಟ್ಯಾಂಕು ನೇರವಾಗಿ ಬ್ಯಾಟರಿಯ ತಲೆಯ ಮೇಲೆ ಕೂರುತ್ತದೆ. ಚಾಚಿದ ಮೊಳೆಯ ತುದಿ ಮಾತ್ರ ಬ್ಯಾಟರಿಗೆ ತಾಗಬೇಕು. ಗಿಡ್ಡ ಮೊಳೆಯಿದ್ದರೆ ಟ್ಯಾಂಕಿನ ತಳವೇ ತಾಗುತ್ತದೆ. ಆಗ ಗುಂಡಿ ಒತ್ತಿದರೆ ಕರೆಂಟು ಕಾಯಿಲ್‌ಗೆ ಹೋಗದೆ ಕೊಳವೆಯಲ್ಲೇ ಸುತ್ತು ಹೊಡೆಯುತ್ತದೆ, ಕೆಲವೇ ಕ್ಷಣಗಳಲ್ಲಿ ಬ್ಯಾಟರಿ ಸಿಡಿಯುತ್ತದೆ. ಕೊಳವೆ ಆಗ ಬಾಯಲ್ಲಿರುತ್ತದೆ. ಹಾಗೆ ಸಿಡಿದ ಒಂದು ದವಡೆಯನ್ನು ಅವನು ಕಂಡಿದ್ದ, ಆ ಮನುಷ್ಯ ಇಂದಿಗೂ ಸ್ಟ್ರಾ ಹಾಕಿ ಸೂಪು ಕುಡಿಯುತ್ತಾನೆ. ಅಳತೆಯ ಯಂತ್ರಕ್ಕೆ ತಂತಿ ಗೊತ್ತು, ಮೊಳೆಯ ಉದ್ದ ಗೊತ್ತಿಲ್ಲ.

ಫೋನು ಮಾಡಿದ. ಆರಿಸಿಟ್ಟಿದ್ದಳು. ಬಸ್ಸಿನ ಆಫೀಸಿಗೆ ಮಾಡಿದ. "ಓಡಿಸೋವಾಗ ನಮ್ಮ ಡ್ರೈವರ್ರು ಫೋನ್ ಮುಟ್ಟಲ್ಲ ಸ್ವಾಮಿ" ಎಂದಳು ಗುಮಾಸ್ತೆ, ಹೆಮ್ಮೆಯಿಂದ. ಬಸ್ಸಿನ ಕೊನೆಯ ನಿಲ್ದಾಣ ಜಗೋರಾದಲ್ಲಿ ನಿಮ್ಮವರು ಯಾರಿದ್ದಾರೆ ಎಂದರೆ ಶನಿವಾರ ಮಧ್ಯಾಹ್ನ ಯಾರೂ ಇರುವುದಿಲ್ಲವಂತೆ. ಆರ್ಗಿರೊ ಓಡಿಸುವಾಗ ಸೇದುವವಳಲ್ಲ, ಅದೊಂದೇ ಪುಣ್ಯ. ಬೆಟ್ಟದ ಮೇಲೆ ಜಗೋರಾದ ಚೌಕ ಮುಟ್ಟಿ, ಜನ ಇಳಿದ ಮೇಲೆ ಮೊದಲ ದಮ್ಮು ಎಳೆಯುತ್ತಾಳೆ. ಅಲ್ಲಿಗೆ ಬಸ್ಸು ಮೂರು ಗಂಟೆಗೆ ಸೇರುತ್ತದೆ. ಈಗ ಎರಡೂ ಹತ್ತು.

ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಟ್ಯಾಕ್ಸಿಗೆ ಹಾರಿದ.

"ಜಗೋರಾ. ಎಷ್ಟು ಬೇಗ ಆಗತ್ತೋ ಅಷ್ಟು ಬೇಗ."

"ಅಲ್ಲಿ ಸೇಬು ಬಿಟ್ರೆ ಇನ್ನೇನಿದೆ? ಸೇಬು ತರೋಕೆ ಟ್ಯಾಕ್ಸಿ ಮಾಡೋನ್ನ ಇವತ್ತೇ ನೋಡಿದ್ದು" ಎಂದ ಡ್ರೈವರ್, ದಪ್ಪ ಮೀಸೆಯವನು.

"ಬಸ್ ಹಿಡೀಬೇಕು."

"ಬಸ್ಸಲ್ಲಿ ಯಾರಪ್ಪ? ಓಡಿಹೋದ ಹೆಂಡ್ತೀನಾ?"

"ನನ್ನಕ್ಕ. ಅವಳ ಜೀವ ಹೋಗೋ ಹಾಗೆ ಮಾಡಿದೀನಿ ನಾನು."

ಮೀಸೆಯವನು ಕನ್ನಡಿಯಲ್ಲಿ ಅವನ ಮುಖ ನೋಡಿದ. ಆಮೇಲೆ ಗೇರು ಬದಲಿಸಿದ.

ಪಿಲಿಯೊ ಬೆಟ್ಟದ ತಿರುವುಗಳು ಯಾರ ಅವಸರಕ್ಕೂ ಬಗ್ಗುವವಲ್ಲ. ಮೊದಲ ಹತ್ತು ತಿರುವಿನಲ್ಲಿ ಯೊರ್ದಾನಿಸ್ ಗಡಿಯಾರ ನೋಡಿದ, ಆಮೇಲೆ ನೋಡಲು ಹೆದರಿದ. ಮೇಲೆ ಹಾನಿಯಾ ಎಂಬ ಊರಿನಲ್ಲಿ ಮಂಜು ಕವಿದಿತ್ತು. ಚೆಸ್ಟ್‌ನಟ್ ಮೂಟೆ ಹೇರಿದ ಲಾರಿಯೊಂದು ಮುಂದೆ ತೆವಳುತ್ತಿತ್ತು. ಹಾರ್ನಿಗೆ ಅದು ಕಿವಿಗೊಡಲಿಲ್ಲ. ಅಕ್ಕನ ತುಟಿ, ಅವಳ ಮುಂದಿನ ಎರಡು ಚಿನ್ನದ ಹಲ್ಲು, ನಗುವಾಗ ಎಡಕ್ಕೆ ಸೊಟ್ಟಗಾಗುವ ಬಾಯಿ, ಎಲ್ಲ ಒಂದೊಂದೇ ನೆನಪಾಗಿ ಅವನನ್ನು ಕೊಂದವು. ಈಸ್ಟರ್ ಕಳೆದ ಮೇಲೆ ಚರ್ಚಿನ ಕಡೆ ತಲೆ ಹಾಕದವನು ಈಗ ಮಾತೆ ಮರಿಯಳಿಗೆ ಹರಕೆ ಹೊತ್ತ. ಕಣ್ಣು ಬೇಕಾದರೆ ಪೂರ್ತಿ ತೆಗೆದುಕೋ ತಾಯಿ, ಅವಳನ್ನು ಬಿಡು ಎಂದ.

ಚೌಕ ಮುಟ್ಟಿದಾಗ ಮೂರೂ ಐದು.

ದೊಡ್ಡ ಮರದ ಕೆಳಗೆ ಬಸ್ಸು ಖಾಲಿ ನಿಂತಿತ್ತು. ಯೊರ್ದಾನಿಸ್ ಅದರ ಮುಂಬಾಗಿಲನ್ನು ನೆಟ್ಟಗೆ ನೋಡಿದ. ಬಾಗಿಲು ಕಾಣಲಿಲ್ಲ, ಅಲ್ಲಿಂದ ಉಕ್ಕುತ್ತಿದ್ದ ಬಿಳಿ ಹೊಗೆ ಮಾತ್ರ ಕಂಡಿತು. ಓಡಿದ, ಕಲ್ಲು ಎಡವಿ ಬಿದ್ದ, ಎದ್ದು ಮತ್ತೆ ಓಡಿದ. ಹೊಗೆಯೊಳಗೆ ನುಗ್ಗಿದಾಗ ಮೂಗಿಗೆ ಸೋಂಪಿನ ವಾಸನೆ ಬಡಿಯಿತು. ಮುಖ ಓರೆ ಮಾಡಿ ನೋಡಿದರೆ, ಮೆಟ್ಟಿಲ ಮೇಲೆ ಆರ್ಗಿರೊ ಕಾಲು ಚಾಚಿ ಕುಳಿತು, ಕೊಳವೆಯನ್ನು ಮತ್ತೆ ಬಾಯಿಗೆ ಒಯ್ಯುತ್ತಿದ್ದಳು.

"ಬಿಸಾಕು! ಬಿಸಾಕದನ್ನ!"

"ಅಯ್ಯೋ, ಯಾಕೋ ಹಂಗೆ ಅರಚ್ತೀಯ? ಸತ್ತೋರು ಯಾರು?"

ಅವಳ ಕೈಯಿಂದ ಕಿತ್ತುಕೊಂಡು, ತಿರುಗಿಸಿ ಬಿಚ್ಚಿ, ಟ್ಯಾಂಕಿನ ತಳ ಮುಟ್ಟಿದ. ಮೊಳೆ ಉಗುರಿನ ದಪ್ಪದಷ್ಟು ಚಾಚಿತ್ತು, ಇರಬೇಕಾದಷ್ಟೇ. ಅವನಿಗೆ ಏನೂ ಅರ್ಥವಾಗಲಿಲ್ಲ.

ಆರ್ಗಿರೊ ಅಂಗಿಯ ಜೇಬಿನಿಂದ ಪುದೀನ ಮಿಠಾಯಿಯ ಡಬ್ಬಿ ತೆಗೆದು, ಅದರೊಳಗಿನ ಗಿಡ್ಡ ಮೊಳೆಯನ್ನು ಅವನ ಅಂಗೈಗೆ ಹಾಕಿದಳು. "ಇದನ್ನ ಹುಡುಕ್ಕೊಂಡು ಬಂದ್ಯಾ? ಟ್ಯಾಂಕು ಕೊಂಡಾಗ ಇನ್ನೊಂದು ಉದ್ದದ ಮೊಳೆ ಕೊಟ್ಟಿದ್ರಲ್ಲ, ಅದನ್ನ ಹಾಕ್ಕೊಂಡೆ."

"ನಿಂಗೆ ಹೇಗೆ ಗೊತ್ತಾಯ್ತು?"

"ಸಿಕ್ಕಿಸೋ ಮುಂಚೆ ನೋಡ್ತೀನಿ. ಈಸ್ಟರ್‌ನಿಂದ ಈಚೆಗೆ ಯಾವಾಗ್ಲೂ ನೋಡ್ತೀನಿ." ಅವಳು ತಮ್ಮನ ಕಡೆ ನೋಡದೆ ಹೇಳಿದಳು. "ಒಂದ್ಸಲ ನೀನು ಹತ್ತೀನೆಲ್ಲ ಒಂದೇ ಕಡೆ ತುರುಕಿದ್ದೆ. ಒಂದ್ಸಲ ತಂತಿ ತುದಿ ಕತ್ತರಿಸ್ದೆ ಬಿಟ್ಟಿದ್ದೆ, ಮುಚ್ಚಳಕ್ಕೆ ತಾಗ್ತಿತ್ತು. ಇದು ಮೂರನೇದು. ನಿನ್ನ ಕಣ್ಣು ಎಲ್ಲೋ ನೋಡತ್ತೆ, ಮುಖ ಎಲ್ಲೋ ಇರತ್ತೆ. ನಿನ್ನ ಎತ್ತಿ ಆಡಿಸಿದೋಳು ಕಣೋ ನಾನು, ನಂಗೆ ಗೊತ್ತಾಗಲ್ವಾ?"

"ಮತ್ತೆ ಹೇಳ್ಬಾರ್ದಾ?"

"ಹೇಳಿದ್ರೆ ನೀನು ಅಂಗಡಿ ಮುಚ್ಚಿ ಮನೇಲಿ ಗೋಡೆ ನೋಡ್ತಾ ಕೂರ್ತಿದ್ದೆ. ಆರು ತಿಂಗಳಿಗೆ ಹೆಣ ಆಗ್ತಿದ್ದೆ. ನಾನೇ ಸರಿ ಮಾಡ್ಕೊಂಡ್ರಾಯ್ತು ಅಂತ ಬಿಟ್ಟೆ."

ಅವಳು ಬದುಕಿದ್ದಾಳೆ ಎಂಬ ಸಂತೋಷ ಅವನಿಗೆ ಒಂದು ಉಸಿರಿನಷ್ಟು ಹೊತ್ತು ಮಾತ್ರ ಸಿಕ್ಕಿತು.

"ಅಕ್ಕ, ನಾನು ನಿನ್ನೊಬ್ಬಳಿಗೇ ಮಾಡಿಕೊಡ್ತೀನಾ?"

ಆರ್ಗಿರೊಳ ಮುಖದ ಬಣ್ಣ ಇಳಿಯಿತು. "ನಂದು ಅರ್ಜೆಂಟಲ್ಲಿ ಕೆಡ್ತಿದೆ, ಬೇರೆಯೋರದು ಜೋಪಾನವಾಗಿ ಮಾಡ್ತೀಯ ಅಂದ್ಕೊಂಡಿದ್ದೆ" ಎಂದಳು. ಡಬ್ಬಿ ಮುಚ್ಚಿ ಜೇಬಿಗೆ ಹಾಕಿ, "ಹಾಗಂದ್ಕೊಳ್ಳೋಕೆ ನಂಗೆ ಇಷ್ಟ ಇತ್ತು" ಎಂದಳು.

ಪೆಟ್ಟಿಗೆಯಂಥ ಯಂತ್ರ ಬಳಸುವವರ ಬಗ್ಗೆ ಭಯವಿರಲಿಲ್ಲ. ಕೊಳವೆ ಬಳಸುವವರು ಅವಳನ್ನು ಬಿಟ್ಟು ಮೂವರು. ಆ ಮೂವರದನ್ನೂ ಈ ವಾರವೇ ಮಾಡಿಕೊಟ್ಟಿದ್ದ. ಮೊದಲು ಪನಾಗಿಸ್‌ಗೆ ಫೋನು ಮಾಡಿದ. ದೋಣಿ ಕಟ್ಟುವಲ್ಲಿ ವೆಲ್ಡಿಂಗ್ ಮಾಡುವವನು, ಬಾಯಿ ದೊಡ್ಡದು.

"ಪನಾಗಿ, ಗುರುವಾರ ಕೊಟ್ಟ ಟ್ಯಾಂಕು..."

"ನೂರು ವರ್ಷ ಆಯಸ್ಸು ಮೇಸ್ತ್ರಿ ನಿಮಗೆ! ಹಳೇದು ಇವತ್ತು ಖಾಲಿಯಾಯ್ತು, ಈಗ ತಾನೆ ಅದನ್ನ ಕೈಗೆ ತಗೊಂಡೆ."

"ಹಾಕ್ಬೇಡ. ಅದು... ರಬ್ಬರ್ ಉಂಗುರ ಒಂದು ಸರಿಯಿಲ್ಲ. ಸೋಮವಾರ ತಂದುಬಿಡು."

"ಅಷ್ಟೇನಾ? ಸೋರಿದ್ರೆ ಒರೆಸ್ಕೋತೀನಿ ಬಿಡಿ. ನಾಳೆ ಮಗಳ ನಿಶ್ಚಿತಾರ್ಥ, ಮನೆ ತುಂಬ ನೆಂಟರು. ಇದಿಲ್ದಿದ್ರೆ ನಾನು ಸಿಗರೇಟಿಗೇ ಕೈ ಹಾಕೋದು." ಮಾತಿನ ಹಿಂದೆ ಹಿತ್ತಾಳೆಗೆ ಹಿತ್ತಾಳೆ ಉಜ್ಜುವ ಸದ್ದು ಕೇಳಿಸಿತು. ಅವನು ಟ್ಯಾಂಕನ್ನು ಕೊಳವೆಗೆ ತಿರುಗಿಸುತ್ತಿದ್ದ.

ಆರ್ಗಿರೊಳಿಗೂ ಅದು ಕೇಳಿಸಿತು. ಅವಳು ತಮ್ಮನ ತೋಳನ್ನು ಬಿಗಿಯಾಗಿ ಹಿಡಿದಳು.

"ಪನಾಗಿ, ನಿಲ್ಲಿಸು! ಗುಂಡಿ ಒತ್ಬೇಡ. ನಂಗೆ ಕಣ್ಣು ಕಾಣ್ತಿಲ್ಲ."

"ಏನು?"

"ಕಣ್ಣು ಕಾಣ್ತಿಲ್ಲ ಕಣಯ್ಯ. ಒಂದು ವರ್ಷ ಆಯ್ತು. ಕೈ ಅಂದಾಜಲ್ಲಿ ಮಾಡ್ತಿದೀನಿ. ನಿಂಗೆ ಏನು ಕಟ್ಟಿ ಕೊಟ್ಟಿದೀನೋ ನಂಗೇ ಗೊತ್ತಿಲ್ಲ. ಅದು ನಿನ್ನ ಬಾಯಲ್ಲೇ ಸಿಡೀಬಹುದು."

ಆ ಕಡೆ ಹಿತ್ತಾಳೆ ಉಲ್ಟಾ ತಿರುಗಿತು. ಬ್ಯಾಟರಿಯನ್ನು ಮರದ ಮೇಜಿನ ಮೇಲಿಟ್ಟ ಸದ್ದಾಯಿತು.

"ತೆಗೆದಿಟ್ಟೆ" ಎಂದ ಪನಾಗಿಸ್. ಅವನ ದೊಡ್ಡ ಬಾಯಿಯಿಂದ ಅಷ್ಟು ಸಣ್ಣ ದನಿ ಯಾರೂ ಕೇಳಿರಲಿಲ್ಲ. "ಮಗಳು ನನ್ನ ಪಕ್ಕದಲ್ಲೇ ಕೂತಿದಾಳೆ ಮೇಸ್ತ್ರಿ. ಭುಜಕ್ಕೆ ತಲೆ ಆನಿಸ್ಕೊಂಡು."

ಇನ್ನೂ ಇಬ್ಬರಿದ್ದರು. ಫೋನಿನ ಅಂಕಿಗಳ ಮೇಲೆ ಅವನ ಬೆರಳು ತಡವರಿಸುತ್ತಿತ್ತು. ಆರ್ಗಿರೊ ಫೋನು ತೆಗೆದುಕೊಂಡು, ಮುಂದೆ ಯಾರು ಎಂದು ಕೇಳಿ, ತಾನೇ ನಂಬರು ಒತ್ತಿ ಅವನ ಕಿವಿಗೆ ಹಿಡಿದಳು.